ಬಸ್ಸಿಲ್ಲದವನಿಗೆ ಆಸ್ಪತ್ರೆಯೂ ಇಲ್ಲ

ಕಳೆದ ವಾರ ನಾವು ಮತ್ತು ನಮ್ಮ ಇಬ್ಬರು ಸಂಗಾತಿಗಳು ಜಿಲ್ಲಾ ಕೇಂದ್ರದ ಅಂಚಿನಲ್ಲಿರುವ ಒಂದು ಆಶ್ರಯ ಬಡಾವಣೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಆರೂವರೆಯಿಂದ ಹತ್ತು ಗಂಟೆಯವರೆಗೆ ಕುಳಿತಿದ್ದೆವು. ನಿಲ್ದಾಣವೆಂದರೆ ವಾಚಕರು ಕಟ್ಟಡವನ್ನು ಊಹಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಒಂದು ಹೊಂಗೆಮರವಿದೆ, ಅದರ ಬುಡದಲ್ಲಿ ಎರಡು ಕಲ್ಲುಗಳಿವೆ, ಅಷ್ಟೆ. ಏಳೂಕಾಲಿಗೆ ಬರಬೇಕಾದ ಬಸ್ಸು ಎಂಟು ಗಂಟೆ ದಾಟಿದ ಮೇಲೆ ಬಂತು. ಎಂಟೂಮುಕ್ಕಾಲಿನ ಬಸ್ಸು ಬರಲೇ ಇಲ್ಲ. ಆ ಮರದಡಿ ಕಾಯುತ್ತಿದ್ದವರಲ್ಲಿ ಶಾಲೆಯ ಮಕ್ಕಳಿದ್ದರು, ಗಾರೆ ಕೆಲಸದವರಿದ್ದರು, ಮನೆಗೆಲಸಕ್ಕೆ ಹೋಗುವ ಹೆಂಗಸರಿದ್ದರು. ಅವರೆಲ್ಲರಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬಿದ್ದವರು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಡಿಚಿದ ಆಸ್ಪತ್ರೆಯ ಚೀಟಿ ಹಿಡಿದು ನಿಂತಿದ್ದವರು.

ಅವರಲ್ಲಿ ಅಡಿಕೆ ಸುಲಿಯುವ ಕೆಲಸದ ಒಬ್ಬ ತಾಯಿ ನಮ್ಮ ಹಳೆಯ ವೃತ್ತಿಯನ್ನು ಮರೆಯದೆ ಮಾತನಾಡಿಸಿದರು. ಅವರ ಗಂಡ ಮಂಡಿಯಲ್ಲಿ ಹಮಾಲಿಯಾಗಿದ್ದವನು. ಎರಡು ವರ್ಷದಿಂದ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೇಲೆ ಬದುಕಿದ್ದಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ. "ಮೇಷ್ಟ್ರೇ, ಅಲ್ಲಿ ಒಂದು ಪೈಸ ಕೇಳಲ್ಲ, ಸುಳ್ಳು ಹೇಳಬಾರದು. ಆದರೆ ಮುಗಿಯೋದು ರಾತ್ರಿ ಏಳೂವರೆ ಆಗುತ್ತೆ. ಕೊನೇ ಬಸ್ಸು ಆರೂವರೆಗೇ ಹೊರಟುಬಿಡುತ್ತೆ. ಆಟೋದವರು ಇನ್ನೂರೈವತ್ತು ಕೇಳ್ತಾರೆ. ಅದಕ್ಕೇ ವಾರಕ್ಕೆ ಮೂರು ಸಲ ಬನ್ನಿ ಅಂದ್ರೂ ಎರಡೇ ಸಲ ಕರ್ಕೊಂಡು ಹೋಗ್ತೀನಿ" ಎಂದರು. ಈ ಮಾತನ್ನು ಅವರು ದೂರಿನಂತೆ ಹೇಳಲಿಲ್ಲ. ಅಕ್ಕಿಯ ಬೆಲೆಯನ್ನು ಹೇಳುವವರಂತೆ ಹೇಳಿದರು. ಅದೇ ನಮ್ಮನ್ನು ಹೆಚ್ಚು ಕಲಕಿತು.

ಹಿಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಅಭ್ಯಾಸದಿಂದ ನಾವು ಅಲ್ಲಿಯೇ ಲೆಕ್ಕ ಹಾಕಿದೆವು. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ. ರಾತ್ರಿ ಮನೆಗೆ ಮರಳುವ ಒಂದೇ ದಾರಿಗೆ ಸಲಕ್ಕೆ 250 ರೂಪಾಯಿ. ಒಟ್ಟು 39,000 ರೂಪಾಯಿ. ಸರ್ಕಾರದವರು 'ಉಚಿತ' ಎಂದು ಗೋಡೆಯ ಮೇಲೆ ಬರೆಸಿದ ಚಿಕಿತ್ಸೆಗೆ ಆ ಹಮಾಲಿಯ ಸಂಸಾರ ತೆರಬೇಕಾದ ಬೆಲೆ ಇದು. ಅದನ್ನು ತೆರಲಾರದೆ ಅವರು ವಾರದಲ್ಲಿ ಒಂದು ದಿನವನ್ನು ಬಿಟ್ಟುಕೊಡುತ್ತಿದ್ದಾರೆ. ಡಯಾಲಿಸಿಸ್ ಬಿಟ್ಟುಕೊಟ್ಟ ದಿನವೆಂದರೆ ಆಯುಷ್ಯದಲ್ಲಿ ಬಿಟ್ಟುಕೊಟ್ಟ ದಿನ ಎಂಬುದನ್ನು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಆ ಮನುಷ್ಯನ ಆಯುಷ್ಯವನ್ನು ಕಡಿಮೆ ಮಾಡುತ್ತಿರುವುದು ರೋಗವೊಂದೇ ಅಲ್ಲ, ಆರೂವರೆಯ ಕೊನೆಯ ಬಸ್ಸು ಕೂಡ.

ಊರಿನ ಹೆಸರನ್ನೂ ಬಸ್ಸಿನ ಹೆಸರನ್ನೂ ನಾವು ಇಲ್ಲಿ ಬರೆಯುತ್ತಿಲ್ಲ. ಒಬ್ಬ ಮಾಲೀಕನನ್ನೋ ಒಬ್ಬ ಅಧಿಕಾರಿಯನ್ನೋ ಬೆರಳಿಟ್ಟು ತೋರಿಸಿ ಕೈತೊಳೆದುಕೊಳ್ಳುವ ವಿಷಯ ಇದಲ್ಲ. ಮಲೆನಾಡಿನ, ಕರಾವಳಿಯ, ಬಯಲುಸೀಮೆಯ ಯಾವ ಜಿಲ್ಲಾ ಕೇಂದ್ರಕ್ಕೆ ಹೋದರೂ ಊರಿನ ಅಂಚಿನಲ್ಲಿ ಇಂಥದೊಂದು ಮರ ಇದೆ, ಅದರಡಿಯಲ್ಲಿ ಇಂಥ ಚೀಲ ಹಿಡಿದವರಿದ್ದಾರೆ.

ಈ ಜನ ಊರಿನ ಅಂಚಿಗೆ ಹೇಗೆ ಬಂದರು ಎಂಬುದನ್ನು ಮೊದಲು ಕೇಳಬೇಕು. ಅವರೇನೂ ಶುದ್ಧ ಹವೆಯನ್ನು ಹುಡುಕಿಕೊಂಡು ಹೋದವರಲ್ಲ. 1991-92ರಲ್ಲಿ ನಮ್ಮ ರಾಜ್ಯದಲ್ಲಿ ಆಶ್ರಯ ಯೋಜನೆ ಆರಂಭವಾಯಿತು. ಮನೆಯಿಲ್ಲದವರಿಗೆ ಮನೆ, ನಿವೇಶನವಿಲ್ಲದವರಿಗೆ ನಿವೇಶನ ಕೊಡುವ ಆ ಕಾರ್ಯ ಒಳ್ಳೆಯದೇ. ಆದರೆ ಊರೊಳಗಿನ ಜಾಗಕ್ಕೆ ಬೆಲೆ ಹೆಚ್ಚು. ಹೀಗಾಗಿ ಬಡವನಿಗೆ ಸಿಕ್ಕ ಜಾಗ ಊರಾಚೆಯ ಗೋಮಾಳದಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಕಲ್ಲುಕ್ವಾರಿಯ ಮಗ್ಗುಲಲ್ಲಿ. ಊರೊಳಗಿನ ಗುಡಿಸಲನ್ನು ಎತ್ತಿಸಿ ಆರೇಳು ಮೈಲು ಆಚೆ ಮನೆ ಕೊಟ್ಟರು. ಕೊಟ್ಟ ದಿನ ಭಾಷಣವಾಯಿತು, ಹಕ್ಕುಪತ್ರ ಹಂಚಿಕೆಯಾಯಿತು, ಪಟ ತೆಗೆಸಿದ್ದೂ ಆಯಿತು. ಮನುಷ್ಯರನ್ನು ಹೊರಕ್ಕೆ ಕಳಿಸಿದ ಸರ್ಕಾರ ಬಸ್ಸನ್ನು ಮಾತ್ರ ಕಳಿಸಲು ಮರೆಯಿತು. ಆಸ್ಪತ್ರೆ ಇದ್ದಲ್ಲೇ ಇತ್ತು, ಜನ ದೂರವಾದರು.

ಇಂಥ ಬಡಾವಣೆಗಳಿಗೆ ಇನ್ನೊಂದು ಶಾಪವಿದೆ. ಅವು ಊರೂ ಅಲ್ಲ, ಹಳ್ಳಿಯೂ ಅಲ್ಲ. ನಗರಪಾಲಿಕೆಯ ಗಡಿ ಒಂದು ಮೋರಿಯ ಹತ್ತಿರ ಮುಗಿಯುತ್ತದೆ. ಮೋರಿಯಾಚೆ ಗ್ರಾಮ ಪಂಚಾಯಿತಿ. ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವವರು ನಗರಾಭಿವೃದ್ಧಿ ಪ್ರಾಧಿಕಾರದವರು. ಬಸ್ಸಿಗೆ ರಹದಾರಿ ಕೊಡುವವರು ಸಾರಿಗೆ ಪ್ರಾಧಿಕಾರದವರು. ಆಸ್ಪತ್ರೆ ನಡೆಸುವವರು ಆರೋಗ್ಯ ಇಲಾಖೆಯವರು. ವೈದ್ಯಕೀಯ ಕಾಲೇಜು ಸೇರಿಕೊಂಡಿದ್ದರೆ ಇನ್ನೊಂದು ಇಲಾಖೆಯವರು. ಜನಗಣತಿಯವರ ಲೆಕ್ಕದಲ್ಲಿ ಐದು ಸಾವಿರಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯೇತರ ಕೆಲಸದಲ್ಲಿರುವುದು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ಇಷ್ಟಿದ್ದರೆ ಅದು 'ಜನಗಣತಿ ಪಟ್ಟಣ'. ಎಣಿಸುವಾಗ ಪಟ್ಟಣ, ಆಡಳಿತದಲ್ಲಿ ಹಳ್ಳಿ. ಒಬ್ಬ ರೋಗಿಯ ದಾರಿ ಇಷ್ಟು ಕಚೇರಿಗಳ ನಡುವೆ ಹರಿದು ಹಂಚಿಹೋಗಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿದೆ ಎನ್ನುತ್ತಾರೆ. ಹಾಗಾದರೆ ದಾರಿಯಲ್ಲಿ ಉಳಿದವನು ಯಾರ ಪಾಲು?

ಆಸ್ಪತ್ರೆಗಳು ಸಾಲವು, ಹಾಸಿಗೆಗಳು ಸಾಲವು, ವೈದ್ಯರು ಸಾಲರು ಎಂದು ನಾವು ಮತ್ತೆ ಮತ್ತೆ ಬರೆದಿದ್ದೇವೆ. ಆ ಮಾತುಗಳಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಆತ್ಮವಿಮರ್ಶೆಯನ್ನು ಮಾಡಿಕೊಳ್ಳಲೇಬೇಕು. ಬಸ್ಸಿನ ವಿಷಯ ಬಂದಾಗ ನಾವು ದರ ಏರಿಕೆಯನ್ನು ವಿರೋಧಿಸಿ ಸುಮ್ಮನಾದೆವು. 2025ರ ಜನವರಿಯಲ್ಲಿ ನಿಗಮಗಳ ಬಸ್ ದರ ನೂರಕ್ಕೆ 15ರಷ್ಟು ಏರಿದಾಗ ಕೂಗಿದೆವು. ಆಸ್ಪತ್ರೆಯ ವಿಷಯ ಬಂದಾಗ ಆಸ್ಪತ್ರೆಯ ಕಾಂಪೌಂಡಿನೊಳಗಿನ ಮಾತನ್ನಷ್ಟೇ ಆಡಿದೆವು. ಇವೆರಡೂ ಒಂದೇ ವಿಷಯ ಎಂಬುದು ನಮಗೆ ಹೊಳೆದದ್ದು ಆ ಹೊಂಗೆಮರದ ಕೆಳಗೆ. ಬಡವನ ಪಾಲಿಗೆ ಆಸ್ಪತ್ರೆ ಆರಂಭವಾಗುವುದು ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಅವನ ಬಡಾವಣೆಯ ಬಸ್ ನಿಲ್ದಾಣದಲ್ಲಿ.

ತಿಳಿದವರು ಇದನ್ನು ಬಹಳ ಹಿಂದೆಯೇ ಹೇಳಿದ್ದಾರೆ. ಬಾಣಂತಿಯರು ಏಕೆ ಸಾಯುತ್ತಾರೆಂದು ವಿಚಾರಿಸಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದ್ವಾಂಸರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗೋಣವೆಂದು ನಿಶ್ಚಯಿಸುವುದರಲ್ಲಿ ವಿಳಂಬ, ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ವಿಳಂಬ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ವಿಳಂಬ. ಎರಡನೆಯ ವಿಳಂಬ ಮೊದಲನೆಯದನ್ನೂ ಹುಟ್ಟಿಸುತ್ತದೆ ಎಂಬುದನ್ನು ಗಮನಿಸಬೇಕು. ಬಸ್ಸು ಸಿಗುವುದಿಲ್ಲವೆಂದು ಗೊತ್ತಿದ್ದವನು ನಾಳೆ ನೋಡೋಣ ಎನ್ನುತ್ತಾನೆ. ನಾಳೆ ನಾಡಿದ್ದಾಗುತ್ತದೆ. ಆಮೇಲೆ ನಾವು ಅವನನ್ನು ಅಜ್ಞಾನಿ, ಆರೋಗ್ಯದ ತಿಳಿವಳಿಕೆಯಿಲ್ಲದವನು ಎಂದು ಜರೆಯುತ್ತೇವೆ. ಅವನು ಅಜ್ಞಾನಿಯಲ್ಲ. ತನ್ನ ದಿನಗೂಲಿಯನ್ನೂ ಬಸ್ಸಿನ ವೇಳೆಯನ್ನೂ ಕೂಡಿಸಿ ಕಳೆದು ನೋಡಿದವನು.

ಬ್ರಿಟನ್ನಿನ ವೇಲ್ಸ್ ಪ್ರಾಂತದ ಒಂದು ಗಣಿಹಳ್ಳಿಯಲ್ಲಿ ವೈದ್ಯರಾಗಿದ್ದ ಸಮಾಜವಾದಿ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ಮಾತನ್ನು ಬರೆದರು. ಅದರ ಸಾರ ಇಷ್ಟೆ: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ವೈದ್ಯಸೇವೆ ಮಾರುಕಟ್ಟೆಯ ಕೈಗೆ ಎಷ್ಟು ಸಿಕ್ಕಿದೆಯೋ ಈ ಅನ್ಯಾಯ ಅಷ್ಟು ಬಲವಾಗುತ್ತದೆ. ನಮ್ಮ ಬಸ್ಸುಗಳಿಗೆ ಈ ಮಾತನ್ನು ಅನ್ವಯಿಸಿ ನೋಡಿ. ಮನೆಯಲ್ಲಿ ಕಾರು ಇರುವವರ ಬಡಾವಣೆಯ ಮುಂದಿನ ರಸ್ತೆಯಲ್ಲಿ ಐದು ನಿಮಿಷಕ್ಕೊಂದು ಬಸ್ಸು. ಕಾಲೇ ಗತಿಯಾದವರ ಬಡಾವಣೆಗೆ ಗಂಟೆಗೊಂದು, ಅದೂ ಮಾಲೀಕನ ಮನಸ್ಸಿದ್ದರೆ.

ಇಲ್ಲಿ ಕೆಲವರು 108 ಇದೆಯಲ್ಲ ಎಂದು ಕೇಳುತ್ತಾರೆ. ಇದೆ, ನಿಜ. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚದ ಆ ವಾಹನಗಳು ಓಡುತ್ತಿವೆ. ಎಷ್ಟೋ ಜೀವಗಳು ಅವುಗಳಿಂದ ಉಳಿದಿವೆ. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಆಸ್ಪತ್ರೆಗೆ ಹೋಗಿಬರುವ ಸಾಗಾಟ ಉಚಿತವಾಗಿರಬೇಕೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಬಾಣಂತಿಯನ್ನೂ ಕೂಸನ್ನೂ ಮನೆಗೆ ಮುಟ್ಟಿಸಲು 'ನಗು-ಮಗು' ವಾಹನವಿದೆ. ಆದರೆ ಆಸ್ಪತ್ರೆಯ ಹೊರರೋಗಿಗಳ ಸಾಲನ್ನು ಒಮ್ಮೆ ನೋಡಿ ಬನ್ನಿ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಕ್ಷಯದವರು, ಮುರಿದ ಕಾಲಿಗೆ ಹಾಕಿದ ಹಿಟ್ಟಿನ ಕಟ್ಟು ಬಿಚ್ಚಿಸಲು ಬಂದವರು, ಕಣ್ಣಿನ ಪೊರೆಯವರು. ಇವರಲ್ಲಿ ಯಾರೂ 108ಕ್ಕೆ ಸೇರಿದವರಲ್ಲ. ಅವರ ಪಾಲಿನ ಆಂಬುಲೆನ್ಸ್ ಎಂದರೆ ಬಸ್ಸೇ. ಆ ಬಸ್ಸು ತಪ್ಪುತ್ತ ಹೋದರೆ ಒಂದು ದಿನ ಅವರೂ 108ಕ್ಕೆ ಸೇರುತ್ತಾರೆ. ಮಾತ್ರೆಯಿಂದ ಹೋಗಬಹುದಾಗಿದ್ದ ರೋಗಕ್ಕೆ ಕತ್ತರಿಯೇ ಬೇಕಾಗುತ್ತದೆ.

ಇನ್ನು ಕೆಲವರು ಶಕ್ತಿ ಯೋಜನೆಯ ಮಾತೆತ್ತುತ್ತಾರೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರು ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಓಡಾಡುತ್ತಿದ್ದಾರೆ. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿಯನ್ನು ದಾಟಿತು. ಇದನ್ನು ಹಗುರವಾಗಿ ನೋಡುವವರ ಜೊತೆ ನಾವಿಲ್ಲ. ಹೆಂಗಸು ಗಂಡನ ಕೈ ನೋಡದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡುವಂತಾದುದು ದೊಡ್ಡ ಮಾತು. ಆದರೆ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಶಕ್ತಿಯ ಟಿಕೆಟ್ಟು ಅಲ್ಲಿ ನಡೆಯುವುದಿಲ್ಲ. ಆ ಅಡಿಕೆ ಸುಲಿಯುವ ತಾಯಿ ಬೆಂಗಳೂರಿನವರೆಗೆ ನಿಗಮದ ಬಸ್ಸಿನಲ್ಲಿ ಪುಕ್ಕಟೆಯಾಗಿ ಹೋಗಿಬರಬಹುದು. ತನ್ನ ಬಡಾವಣೆಯಿಂದ ಜಿಲ್ಲಾಸ್ಪತ್ರೆಗೆ ಹೋಗಲು ಮಾತ್ರ ಕಾಸು ಎಣಿಸಬೇಕು. ಹಕ್ಕು ಕಾಗದದಲ್ಲಿದೆ; ಹಕ್ಕನ್ನು ಹೊತ್ತು ತರುವ ಗಾಡಿ ಊರೊಳಗೆ ಬಂದಿಲ್ಲ.

ಬಸ್ ಮಾಲೀಕರ ಮಾತನ್ನೂ ನಾವು ಕೇಳಿದ್ದೇವೆ. ಸಂಜೆಯ ಮೇಲೆ ಹತ್ತು ಜನ ಹತ್ತುವುದಿಲ್ಲ, ಡೀಸೆಲ್ ಬೆಲೆ ಈ ಮಟ್ಟದಲ್ಲಿದೆ, ವಿಮೆ ಕಟ್ಟಬೇಕು, ತೆರಿಗೆ ಕಟ್ಟಬೇಕು, ಖಾಲಿ ಗಾಡಿಯನ್ನು ಹೇಗೆ ಓಡಿಸುವುದು ಎನ್ನುತ್ತಾರೆ. ಒಂದೋ ಎರಡೋ ಗಾಡಿ ಇಟ್ಟುಕೊಂಡು ಸಾಲದಲ್ಲಿ ಮುಳುಗಿದ ಮಾಲೀಕರಿದ್ದಾರೆ ಎಂಬುದು ನಮಗೆ ಗೊತ್ತು. ಆದರೆ ರಸ್ತೆ ಯಾರದು? ಸಾರ್ವಜನಿಕರದು. ಆ ರಸ್ತೆಯಲ್ಲಿ ಜನರನ್ನು ಕೂರಿಸಿಕೊಂಡು ಹಣ ಪಡೆಯುವ ರಹದಾರಿ ಯಾರು ಕೊಟ್ಟದ್ದು? ಸಾರ್ವಜನಿಕರ ಹೆಸರಿನಲ್ಲಿ ಸರ್ಕಾರ ಕೊಟ್ಟದ್ದು. 1988ರ ಮೋಟಾರು ವಾಹನ ಕಾಯಿದೆಯ 72ನೆಯ ಪ್ರಕರಣ ಈ ದಾರಿಯಲ್ಲಿ, ಈ ವೇಳಾಪಟ್ಟಿಯಂತೆ ಗಾಡಿ ಓಡಬೇಕೆಂದು ಷರತ್ತು ಹಾಕುವ ಅಧಿಕಾರವನ್ನು ಸಾರಿಗೆ ಪ್ರಾಧಿಕಾರಕ್ಕೆ ಕೊಟ್ಟಿದೆ. ಷರತ್ತು ಮುರಿದರೆ ರಹದಾರಿಯನ್ನು ಅಮಾನತಿನಲ್ಲಿಡುವ, ರದ್ದುಪಡಿಸುವ ಅಧಿಕಾರವನ್ನು 86ನೆಯ ಪ್ರಕರಣ ಕೊಟ್ಟಿದೆ. ಹೊಸ ಕಾನೂನನ್ನು ಯಾರೂ ಬರೆಯಬೇಕಾಗಿಲ್ಲ. ಇರುವ ಕಾನೂನನ್ನು ಓದುವ ಮನಸ್ಸು ಬೇಕಾಗಿದೆ. ಜಿಲ್ಲೆಯ ಈ ಪ್ರಾಧಿಕಾರದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಜಿಲ್ಲಾಧಿಕಾರಿಗಳೇ.

ಬಸ್ಸು ಲಾಭದ ವಸ್ತುವೋ ಸೇವೆಯೋ ಎಂಬ ಚರ್ಚೆ ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು. 1976ರಲ್ಲಿ ಕಾಂಟ್ರ್ಯಾಕ್ಟ್ ವಾಹನಗಳನ್ನು ರಾಜ್ಯ ಸ್ವಾಧೀನಪಡಿಸಿಕೊಂಡಿತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರೂ 1977ರಲ್ಲಿ ನ್ಯಾಯಾಲಯ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಕೊಪ್ಪದಲ್ಲಿ 1991ರಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು ತಾವೇ ಒಡೆಯರಾಗಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಮಲೆನಾಡಿನ ಮೂಲೆಯ ಊರುಗಳಿಗೆ ಬಸ್ಸು ಓಡಿಸಿದರು, ವಿದ್ಯಾರ್ಥಿಗಳಿಗೂ ಅಂಗವಿಕಲರಿಗೂ ರಿಯಾಯಿತಿ ಕೊಟ್ಟರು. ಸುಮಾರು ಮೂರು ದಶಕ ನಡೆದ ಆ ಸಂಸ್ಥೆ ಖರ್ಚಿನ ಭಾರ ತಾಳಲಾರದೆ 2020ರಲ್ಲಿ ಗಾಡಿ ನಿಲ್ಲಿಸಿತು. ಕಾರ್ಮಿಕರು ಸೋತರೆಂದು ನಾವು ಹೇಳುವುದಿಲ್ಲ. ನಷ್ಟದ ದಾರಿಯಲ್ಲಿ ಸೇವೆ ಮಾಡುವವನನ್ನು ಒಂಟಿಯಾಗಿ ಬಿಟ್ಟ ವ್ಯವಸ್ಥೆ ಸೋತಿತು.

ಬಸ್ಸನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟ ದೇಶವೇ ಈಗ ಅದನ್ನು ಹಿಂದಕ್ಕೆ ಪಡೆಯುತ್ತಿದೆ. ಬ್ರಿಟನ್ನಿನಲ್ಲಿ ಲಂಡನ್ ಬಿಟ್ಟು ಉಳಿದೆಡೆ 1986ರಲ್ಲಿ ಬಸ್ಸುಗಳ ಮೇಲಿನ ಸಾರ್ವಜನಿಕ ಹಿಡಿತವನ್ನು ಸಡಿಲಿಸಲಾಯಿತು. ಮಾಲೀಕನಿಗೆ ಲಾಭವಿದ್ದ ಕಡೆ ಬಸ್ಸು, ಇಲ್ಲದ ಕಡೆ ಇಲ್ಲ ಎಂಬಂತಾಯಿತು. ಸುಮಾರು ನಾಲ್ಕು ದಶಕ ಇದನ್ನು ನೋಡಿದ ಮೇಲೆ ಮ್ಯಾಂಚೆಸ್ಟರಿನ ಸುತ್ತಲಿನ ಪ್ರದೇಶ 2023ರ ಸೆಪ್ಟೆಂಬರಿನಿಂದ ಹಂತಹಂತವಾಗಿ, 2025ರ ಜನವರಿಯ ಹೊತ್ತಿಗೆ ಪೂರ್ತಿಯಾಗಿ, ತನ್ನ ಬಸ್ಸುಗಳ ದಾರಿಯನ್ನೂ ವೇಳೆಯನ್ನೂ ದರವನ್ನೂ ಸಾರ್ವಜನಿಕ ಹಿಡಿತಕ್ಕೆ ತಂದುಕೊಂಡಿತು. ಗಾಡಿ ಓಡಿಸುವವರು ಅಲ್ಲಿ ಈಗಲೂ ಕಂಪನಿಯವರೇ. ಆದರೆ ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂಬುದನ್ನು ನಿಶ್ಚಯಿಸುವವರು ಜನಪ್ರತಿನಿಧಿಗಳು. ಅಲ್ಲಿ ಆದದ್ದು ನಮ್ಮ ಜಿಲ್ಲೆಯಲ್ಲಿ ಏಕಾಗಬಾರದು?

ನ್ಯಾಯದ ದೃಷ್ಟಿಯಿಂದಲೂ ಇದು ಭಿಕ್ಷೆಯ ಪ್ರಶ್ನೆಯಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿಕಾರನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರು. ಒಂದೆಡೆ ಸೌಕರ್ಯವಿಲ್ಲ, ಇನ್ನೊಂದೆಡೆ ಹಾಸಿಗೆ ಇಲ್ಲ. ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಬದುಕಿದ. ಅಲ್ಲಿನ ಕೃಷಿ ಕೂಲಿಕಾರರ ಸಂಘ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 1996ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟು, ತುರ್ತು ಚಿಕಿತ್ಸೆ ಒದಗಿಸದಿರುವುದು ಸಂವಿಧಾನದ 21ನೆಯ ವಿಧಿಯಲ್ಲಿನ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಹಣವಿಲ್ಲವೆಂಬ ನೆಪವನ್ನು ಒಪ್ಪಲಿಲ್ಲ. ಚಿಕಿತ್ಸೆ ಹಕ್ಕಾದರೆ ಚಿಕಿತ್ಸೆಯ ಬಾಗಿಲಿಗೆ ಹೋಗುವ ದಾರಿಯೂ ಹಕ್ಕೇ ಎಂಬುದು ನಮ್ಮ ವಾದ. ಬಾವಿಯ ನೀರು ಎಲ್ಲರಿಗೂ ಸೇರಿದ್ದೆಂದು ಸಾರಿ ಹಗ್ಗವನ್ನು ಮಾತ್ರ ಬಚ್ಚಿಟ್ಟರೆ ಅದಕ್ಕೆ ಏನೆನ್ನಬೇಕು?

ಈ ಕೊನೆಯ ಬಸ್ಸಿಗೆ ಕಾಯುವವರು ರೋಗಿಗಳಷ್ಟೇ ಅಲ್ಲ ಎಂಬುದನ್ನೂ ಮರೆಯಬಾರದು. ಆಸ್ಪತ್ರೆಯ ಕಸ ಗುಡಿಸುವವರು, ಆಯಾಗಳು, ಗುತ್ತಿಗೆಯ ನೌಕರರು, ರಾತ್ರಿ ಪಾಳಿಯ ದಾದಿಯರಲ್ಲಿ ಎಷ್ಟೋ ಜನ ಇದೇ ಬಡಾವಣೆಗಳಲ್ಲಿದ್ದಾರೆ. ಬಸ್ಸು ತಪ್ಪಿದರೆ ರೋಗಿಯೂ ತಡ, ರೋಗಿಯನ್ನು ನೋಡಿಕೊಳ್ಳಬೇಕಾದವಳೂ ತಡ. ಎರಡು ಗಂಟೆ ಕಾದು ಸಿಡುಕಿಗೆ ಬಂದ ರೋಗಿಗೂ, ಪಾಳಿ ಮುಗಿದರೂ ಮನೆಗೆ ಹೋಗಲಾರದ ದಾದಿಗೂ ಸಾಲಿನಲ್ಲಿ ಜಗಳವಾಗುತ್ತದೆ. ಒಬ್ಬ ಬಡವನಿಗೆ ಇನ್ನೊಬ್ಬ ಬಡವ ವೈರಿಯಂತೆ ಕಾಣುತ್ತಾನೆ. ಬಸ್ಸಿನ ಕಂಡಕ್ಟರನನ್ನು ಬೈಯುತ್ತಾರೆ, ಅವನೂ ಕೂಲಿಯವನೇ. ಆಟೋದವನನ್ನು ಶಪಿಸುತ್ತಾರೆ, ಅವನೂ ಸಾಲದ ಕಂತು ಕಟ್ಟುವವನೇ. ನಿಜವಾದ ಪ್ರಶ್ನೆ ಕೇಳಬೇಕಾದ ಕಡೆ ಮಾತ್ರ ಯಾರೂ ಹೋಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದನೆಯದಾಗಿ, ಜಿಲ್ಲಾಧಿಕಾರಿಗಳು ಆಸ್ಪತ್ರೆಯ ಮುಖ್ಯಸ್ಥರನ್ನು, ನಿಗಮದ ವಿಭಾಗೀಯ ಅಧಿಕಾರಿಯನ್ನು, ಬಸ್ ಮಾಲೀಕರನ್ನು, ನಗರಪಾಲಿಕೆಯವರನ್ನು, ಅಂಚಿನ ಪಂಚಾಯಿತಿಗಳ ಸದಸ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸಬೇಕು. ಆಸ್ಪತ್ರೆಯ ವೇಳೆಯನ್ನೂ ಬಸ್ಸಿನ ವೇಳೆಯನ್ನೂ ಒಟ್ಟಿಗೆ ನಿಶ್ಚಯಿಸಬೇಕು. ಚೀಟಿ ಬರೆಯುವ ಕಿಟಕಿ ತೆರೆಯುವ ಮುಂಚೆ ಮೊದಲ ಬಸ್ಸು ಆಸ್ಪತ್ರೆಯನ್ನು ಮುಟ್ಟಬೇಕು. ಡಯಾಲಿಸಿಸ್‌ನ ಕೊನೆಯ ಪಾಳಿ ಮುಗಿದ ಮೇಲೆ ಕೊನೆಯ ಬಸ್ಸು ಹೊರಡಬೇಕು.

ಎರಡನೆಯದಾಗಿ, ಈ ವೇಳೆಗಳು ರಹದಾರಿಯ ಷರತ್ತಾಗಿ ಬರಹದಲ್ಲಿ ಇರಬೇಕು. ಕಾಗದದಲ್ಲಿ ಓಡಿ ರಸ್ತೆಯಲ್ಲಿ ಓಡದ ಟ್ರಿಪ್ಪುಗಳಿಗೆ ದಂಡ ಹಾಕಬೇಕು. ನಿಜಕ್ಕೂ ನಷ್ಟವಾಗುವ ರಾತ್ರಿಯ ಟ್ರಿಪ್ಪಿಗೆ ಲೆಕ್ಕ ನೋಡಿ ಸರ್ಕಾರವೇ ಹಣ ತುಂಬಿಕೊಡಬೇಕು. ಸೇವೆ ಕೇಳುವವರು ನಾವು, ಸೇವೆಯ ಖರ್ಚು ಯಾರ ತಲೆಯ ಮೇಲೆ ಎಂಬುದನ್ನೂ ಹೇಳಬೇಕಾದವರು ನಾವೇ. ಅದು ಎಲ್ಲರ ಮೇಲಿರಲಿ, ಒಬ್ಬ ಚಿಕ್ಕ ಮಾಲೀಕನ ಮೇಲೆ ಬೇಡ.

ಮೂರನೆಯದಾಗಿ, ನಿಗಮದ ಬಸ್ಸು ಹೋಗದ ದಾರಿಗಳಿಗೆ ನಿಗಮ ಚಿಕ್ಕ ಬಸ್ಸುಗಳನ್ನು ಹಾಕಬೇಕು. ಹಾಕುವವರೆಗೆ ಆ ದಾರಿಯ ಖಾಸಗಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿನ ಹಣವನ್ನು ಸರ್ಕಾರ ಕೊಡಬೇಕು. ನಗರಗಳಿಗೆ ಹತ್ತು ಸಾವಿರ ವಿದ್ಯುತ್ ಬಸ್ಸು ಕೊಡುವ ಯೋಜನೆಗೆ ಕೇಂದ್ರ ಸಂಪುಟ 2023ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂಥ ಬಸ್ಸು ನಮ್ಮ ರಾಜ್ಯದ ಯಾವ ಊರಿಗೆ ಬಂದರೂ ಅದರ ಮೊದಲ ದಾರಿ ಮಾರುಕಟ್ಟೆಯ ಮಳಿಗೆಗಳ ಮುಂದಲ್ಲ, ಆಶ್ರಯ ಬಡಾವಣೆಯಿಂದ ಆಸ್ಪತ್ರೆಗೆ ಇರಬೇಕು.

ನಾಲ್ಕನೆಯದು ಆಸ್ಪತ್ರೆಯವರಿಗೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ದೂರದಿಂದ ಬಸ್ಸಿನಲ್ಲಿ ಬರುವ ಡಯಾಲಿಸಿಸ್ ರೋಗಿಗೆ ಹಗಲಿನ ಪಾಳಿ ಕೊಡಿ; ನಡೆದು ಹೋಗುವಷ್ಟು ಹತ್ತಿರದವರಿಗೆ, ವಾಹನವಿದ್ದವರಿಗೆ ಸಂಜೆಯ ಪಾಳಿ ಇರಲಿ. ರೋಗಿಯ ಚೀಟಿಯಲ್ಲಿ ಹೆಸರು, ವಯಸ್ಸು ಬರೆಯುವಾಗ ಅವನ ಕೊನೆಯ ಬಸ್ಸಿನ ವೇಳೆಯನ್ನೂ ಕೇಳಿ ಬರೆಯಿರಿ. ಬಿಡುಗಡೆ ಮಾಡುವ ರೋಗಿಯನ್ನು ರಾತ್ರಿಯಾಗುವ ಮುಂಚೆ ಬಿಡುಗಡೆ ಮಾಡಿ. ಆಸ್ಪತ್ರೆಯ ಬಾಗಿಲಲ್ಲಿ ಬಸ್ಸುಗಳ ವೇಳಾಪಟ್ಟಿಯನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ.

ಐದನೆಯದಾಗಿ, ಎಲ್ಲದಕ್ಕೂ ದೊಡ್ಡಾಸ್ಪತ್ರೆಗೇ ಬರುವಂತೆ ಜನರನ್ನು ಓಡಿಸಬೇಡಿ. 1946ರಲ್ಲಿ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಯನ್ನು ದೇಶದ ಮುಂದಿಟ್ಟಿತು. ಬಯಲಿನಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಕೇಂದ್ರ ಎಂಬುದು ಇಂದಿನ ಅಳತೆ. ಪಟ್ಟಣಗಳಿಗಾಗಿ 2022ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್' ಆರಂಭವಾಯಿತು. ಸಕ್ಕರೆಯ ಮಾತ್ರೆ, ಒತ್ತಡದ ಮಾತ್ರೆಗಾಗಿ ಯಾರೂ ಎರಡು ಬಸ್ಸು ಬದಲಾಯಿಸಬಾರದು. ಆ ಮಾತ್ರೆ ಬಡಾವಣೆಯಲ್ಲೇ, ಕೂಲಿಯವನು ಮನೆಗೆ ಮರಳುವ ಹೊತ್ತಿನಲ್ಲೂ ಸಿಗುವಂತಿರಬೇಕು.

ಇವು ಆಕಾಶಕ್ಕೆ ಏಣಿ ಹಾಕುವ ಬೇಡಿಕೆಗಳಲ್ಲ. ಡಾಕ್ಟರ್ ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ನಿಂತ ರಾಜ್ಯದ ಮಾತನ್ನು ಹೇಳಿದರು. ಜಿಲ್ಲೆಯ ಕಂಬಕ್ಕೆ ಬಲವಿದೆಯೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇಕೆ? ಒಂದು ಬಸ್ಸಿನ ವೇಳೆಯನ್ನು ಆರೂವರೆಯಿಂದ ಎಂಟಕ್ಕೆ ಬದಲಾಯಿಸಲು ದೆಹಲಿಗೆ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಹೋಗಬೇಕಾಗಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಚಳವಳಿಯೇ ಎಂದು ನಮ್ಮಲ್ಲಿಯೇ ಕೆಲವು ಸಂಗಾತಿಗಳು ಕೇಳುತ್ತಾರೆ. ಅವರಿಗೆ ಕಾಗೋಡನ್ನು ನೆನಪಿಸುತ್ತೇವೆ. 1951ರ ಆ ಸತ್ಯಾಗ್ರಹ ಮೊದಲ ದಿನವೇ ದೊಡ್ಡ ಸಿದ್ಧಾಂತಗಳಿಂದ ಹುಟ್ಟಿದ್ದಲ್ಲ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬ ಜಗಳದಿಂದ ಹುಟ್ಟಿದ್ದು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಆ ಕೊಳಗವನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿತು. ಆಮೇಲೆ ಲೋಹಿಯಾ ಬಂದು ಸೆರೆಯಾದರು, ಗೋಪಾಲಗೌಡರು ಅದರ ದನಿಯನ್ನು ವಿಧಾನಸಭೆಗೆ ಒಯ್ದರು, ಉಳುವವನೇ ಹೊಲದೊಡೆಯ ಎಂಬ ಮಾತು ನಾಡಿನ ಮಾತಾಯಿತು. ಅಂದು ಅನ್ಯಾಯ ಕೊಳಗದಲ್ಲಿ ಅಡಗಿತ್ತು. ಇಂದು ಗಡಿಯಾರದಲ್ಲಿ ಅಡಗಿದೆ.

ಆದ್ದರಿಂದ ಅಂಚಿನ ಬಡಾವಣೆಗಳ ನಮ್ಮ ವಾಚಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಮಕ್ಕಳ ಹಳೆಯ ನೋಟುಬುಕ್ಕು ಒಂದಿರುತ್ತದೆ. ಅದರಲ್ಲಿ ಮೂರು ಗೆರೆ ಎಳೆಯಿರಿ. ಮೊದಲ ಸಾಲಿನಲ್ಲಿ ಬಸ್ಸು ಬರಬೇಕಾದ ವೇಳೆ, ಎರಡನೆಯದರಲ್ಲಿ ಬಂದ ವೇಳೆ, ಮೂರನೆಯದರಲ್ಲಿ ಆ ಹೊತ್ತು ಆಸ್ಪತ್ರೆಗೆಂದು ಕಾಯುತ್ತಿದ್ದವರ ಸಂಖ್ಯೆ. ಹದಿನೈದು ದಿನ ತಪ್ಪದೆ ಬರೆಯಿರಿ. ಬರೆಯಲು ಬಾರದವರಿಗೆ ಹೈಸ್ಕೂಲಿನ ಹುಡುಗ ಹುಡುಗಿಯರು ಬರೆದುಕೊಡಲಿ. ಹದಿನಾರನೆಯ ದಿನ ಆ ಪುಸ್ತಕಗಳನ್ನೆಲ್ಲ ಕೂಡಿಸಿಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ. ಭಾಷಣವನ್ನು ಅಧಿಕಾರಿಗಳು ಕೇಳಿ ಮರೆಯುತ್ತಾರೆ. ಜನ ತಮ್ಮ ಕೈಯಿಂದ ಬರೆದ ಲೆಕ್ಕವನ್ನು ಮರೆಯುವುದು ಅಷ್ಟು ಸುಲಭವಲ್ಲ.

ಆ ಅಡಿಕೆ ಸುಲಿಯುವ ತಾಯಿಯೇ ಮೊದಲ ಪುಸ್ತಕವನ್ನು ಇಟ್ಟುಕೊಂಡಿದ್ದಾರೆ. ಏಳನೆಯ ತರಗತಿಯ ಅವರ ಮಗಳು ಅದನ್ನು ಬರೆಯುತ್ತಿದ್ದಾಳೆ. ಅವಳ ತಂದೆ ವಾರಕ್ಕೆ ಮೂರನೆಯ ಸಲವೂ ಆಸ್ಪತ್ರೆಗೆ ಹೋಗಿ ಬಸ್ಸಿನಲ್ಲಿ ಮನೆಗೆ ಮರಳುವ ದಿನದವರೆಗೆ ಈ ಪತ್ರಿಕೆ ಈ ವಿಷಯವನ್ನು ಬಿಡುವುದಿಲ್ಲ.